ಹಿಂದಕ್ಕೆ

"ಅತ್ತಿಗೇ, ಅವರು ಹೋಗ್ಬಿಟ್ರು" ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಅತ್ತಾಗ, ಅಕ್ಕನ ಬೆರಳು ಎಂಟರ್ ಕೀಲಿಯ ಮೇಲೆಯೇ ಇತ್ತು. ಹಟ ಹಿಡಿದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಹೊಸ ಕಾರ್ಯಾಚರಣೆ ವ್ಯವಸ್ಥೆ ಹಾಕುವುದನ್ನು ತಮ್ಮನೇ ಆಸ್ಪತ್ರೆಯ ಹಾಸಿಗೆಯಿಂದ ಹೇಳಿಕೊಡುತ್ತಿದ್ದ.

"ನರ್ಸ್ ಬಂದ್ರು, ಆಮೇಲೆ ಫೋನ್ ಮಾಡ್ತೀನಿ. ನಿನ್ನ ಕೈಗೆ ಅವಸರ ಜಾಸ್ತಿ ಅಕ್ಕಾ, ನಾನು ಹೇಳೋವರೆಗೂ ಒತ್ಬೇಡ. ಭಯ ಆದ್ರೆ 'ಹಿಂದಕ್ಕೆ' ಅನ್ನೋದನ್ನ ಒತ್ತು, ಏನೂ ಹೋಗಲ್ಲ" ಎಂದು ಸ್ವಲ್ಪ ಹೊತ್ತಿನ ಹಿಂದಷ್ಟೇ ನಕ್ಕು ಫೋನ್ ಇಟ್ಟಿದ್ದ.

ಡಿಸ್ಕನ್ನು ಪೂರ್ತಿ ಅಳಿಸಲೇ ಎಂದು ಪರದೆ ಕೇಳುತ್ತಿತ್ತು. ತೊಟ್ಟಿಲಿನ ಕಾಲದಿಂದ ಅವನ ಫೋಟೋಗಳೆಲ್ಲ ಇದ್ದದ್ದು ಅದರಲ್ಲಿ ಮಾತ್ರ. ಬೆರಳು ಎಲ್ಲಿ ಜಾರುವುದೋ ಎಂದು, ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ, ಮೌಸಿನಿಂದ 'ಹಿಂದಕ್ಕೆ' ಒತ್ತಿದಳು. ಪರದೆ ಒಂದು ಕ್ಷಣ ಕಪ್ಪಾಗಿ, ಹಿಂದಿನ ಪುಟಕ್ಕೆ ಮರಳಿತು.

ಅವಳು ಕೈ ಮುಗಿದಳು. "ದೇವರೇ, ನಾನು ಎತ್ತಿ ಆಡಿಸಿದ ಕೂಸಿಗೆ ಹಿಂದಕ್ಕೆ ಬರೋ ದಾರಿಯಿಲ್ಲ. ಅಲ್ಲಿ ಅವನಿಗೆ ಭಯವಾಗದ ಹಾಗೆ ನೋಡಿಕೋ, ಶಾಂತಿ ಕೊಡು."