ಸದ್ದಿನ ಆಳ

"ನೀವು ಬರೆದಿದ್ದು ನಂಬ್ಕೊಂಡು ತಗೊಂಡೆ ಮೇಷ್ಟ್ರೇ. ಈಗ ನೀವೇ ಕೂತು ಕೇಳಿ" ಎಂದು ಸುಮಿಯೆ ಕಾಫಿ ಮುಂದಿಟ್ಟಳು.

ತೊಕುನಾಗ ಕೋಟು ಕೂಡ ಬಿಚ್ಚಲಿಲ್ಲ. ಅರ್ಧ ಆಯುಷ್ಯ ಸ್ಪೀಕರ್‌ಗಳ ವಿಮರ್ಶೆ ಬರೆದು ಅವನಿಗೆ ಸಾಕುಸಾಕಾಗಿತ್ತು. ಟೋಕಿಯೊದಿಂದ ಮೋರಿಯೋಕದಲ್ಲಿ ಜಾಜ್ ಕೇಳಲೆಂದೇ ಜನ ಬರುವ ಈ ಕಾಫಿ ಅಂಗಡಿಗೆ ಬಂದದ್ದು ಸಂಗೀತ ಕೇಳಲಿಕ್ಕಲ್ಲ, ಅನ್ನ ಉಳಿಸಿಕೊಳ್ಳಲಿಕ್ಕೆ.

ಗಂಡ ಸತ್ತ ಮೇಲೆ ಅಂಗಡಿ ನಡೆಸುತ್ತಿದ್ದ ಸುಮಿಯೆ, ತೊಕುನಾಗನ ವಿಮರ್ಶೆ ಓದಿ ಹೊಸ ಸ್ಪೀಕರ್ ಜೋಡಿ ಕೊಂಡಿದ್ದಳು. ಅದರಲ್ಲಿ ಜೀವವಿಲ್ಲವೆಂದು ಗಿರಾಕಿಗಳು ಎದ್ದು ಹೋಗತೊಡಗಿದರು. ಅವಳು ಪತ್ರಿಕೆಗೆ ಫೋನ್ ಮಾಡಿ ಬೈದಳು. ಹೋಗಿ ಅವಳನ್ನು ಒಪ್ಪಿಸಿ ಬಾ, ಇಲ್ಲವಾದರೆ ನಿನ್ನ ಅಂಕಣ ಮುಗಿಯಿತೆಂದು ಸಂಪಾದಕ ಖಡಾಖಂಡಿತ ಹೇಳಿದ್ದ.

ನಿಜ ಹೇಳಬೇಕೆಂದರೆ, ಆ ಸ್ಪೀಕರನ್ನು ತೊಕುನಾಗ ಸರಿಯಾಗಿ ಕೇಳಿಯೇ ಇರಲಿಲ್ಲ. ಕಂಪನಿಯ ಔತಣದಲ್ಲಿ, ಗದ್ದಲದ ನಡುವೆ, ಸಾಕೆ ಮದ್ಯ ಕುಡಿಯುತ್ತ ನಿಂತಿದ್ದ. ಉಳಿದದ್ದನ್ನು ಅವರು ಕೊಟ್ಟ ಜಾಹೀರಾತು ನೋಡಿ ಬರೆದಿದ್ದ.

ಪಕ್ಕದ ಮೇಜಿನಲ್ಲಿ ಕ್ಷೌರಿಕ ಓಬಾ ಹಲ್ಲು ಕಿರಿದ. "ನಮ್ದೆಲ್ಲ ಬರೀ ಕಿವಿ ಮೇಷ್ಟ್ರೇ. ನಿಮ್ದು ಅಚ್ಚಾಗೋ ಕಿವಿ."

ಸುಮಿಯೆ ಗ್ರಾಮಫೋನ್ ತಟ್ಟೆಯ ಮೇಲೆ ಮುಳ್ಳು ಇಳಿಸಿದಳು. ಅಲ್ಲಿಗೆ ಮಾತು ಬಂದ್. ತಟ್ಟೆ ತಿರುಗುವಷ್ಟು ಹೊತ್ತು ಯಾರೂ ಬಾಯಿ ತೆರೆಯಬಾರದು, ಕೂತಲ್ಲಿಂದ ಏಳಬಾರದು. ಅಂಗಡಿಯ ಕಟ್ಟಳೆ ಅದು. ಮಂದ ಬೆಳಕಿನಲ್ಲಿ ಹೊಸ ಸ್ಪೀಕರ್‌ಗಳು ಮಾತ್ರ ಮಿರಮಿರ ಮಿಂಚುತ್ತಿದ್ದವು. ತೊಕುನಾಗ ಹೇಳಬೇಕಾದ ಸುಳ್ಳನ್ನು ಮನಸ್ಸಿನಲ್ಲೇ ಜೋಡಿಸುತ್ತ ಕಣ್ಣು ಮುಚ್ಚಿದ.

ಸುಳ್ಳು ಬೇಕಾಗಲೇ ಇಲ್ಲ. ತಂತಿಯ ಮೇಲೆ ಬೆರಳು ಉಜ್ಜುವುದು ಕೇಳಿಸಿತು. ಕೊಳಲಿನ ಸ್ವರಕ್ಕೆ ಮೊದಲು ಊದುವವನ ಉಸಿರು ಕೇಳಿಸಿತು. ಎಷ್ಟೋ ವರ್ಷಗಳಿಂದ ಬರೀ ಯಂತ್ರ ಕೇಳುತ್ತಿದ್ದವನಿಗೆ ಇವತ್ತು ಹಾಡು ಕೇಳಿಸಿತು. ಕಣ್ಣು ಒದ್ದೆಯಾಯಿತು. ಕೇಳದೆ ಬರೆದದ್ದೂ ನಿಜವಾಗಿಬಿಟ್ಟಿತಲ್ಲ!

ತಟ್ಟೆ ನಿಂತಿತು.

"ನಾನು ಬರೆದಿದ್ದೇ ಕಮ್ಮಿ ಆಯ್ತಮ್ಮ" ಎಂದ. "ಆ ಆಳ ನೋಡಿ. ಸದ್ದು ಪೆಟ್ಟಿಗೆಯಿಂದ ಬಂದ ಹಾಗೇ ಇಲ್ಲ. ಅದರ ಹಿಂದೆಲ್ಲೋ ನಿಂತು ನುಡಿಸ್ತಿದ್ದಾರೆ."

ಓಬಾಗೆ ಕಾಫಿ ನೆತ್ತಿಗೇರಿತು.

"ಬೇರೆ ಸ್ಪೀಕರಲ್ಲಿ ಹಿಂಗೆ ಬರಲ್ವಾ?" ಸುಮಿಯೆ ಮೆಲ್ಲಗೆ ಕೇಳಿದಳು.

"ಸಾಧ್ಯವೇ ಇಲ್ಲ. ಬೇಕಾದರೆ ಬರೆದು ಕೊಡ್ತೀನಿ."

ಅವಳು ಸೊಂಟ ಬಾಗಿಸಿ ನಮಸ್ಕರಿಸಿದಳು. "ಬೇಡ ಮೇಷ್ಟ್ರೇ, ನೀವು ಬರೆದಿದ್ದು ಸಾಕು" ಎಂದು ಹೋಗಿ ಹೊಸ ಸ್ಪೀಕರ್‌ಗಳ ಹಿಂದಿನ ಗೋಡೆಯ ಪರದೆ ಸರಿಸಿದಳು.

ಅಲ್ಲಿ ಅವಳ ಗಂಡನ ಹಳೆಯ ಸ್ಪೀಕರ್‌ಗಳಿದ್ದವು. ಹೊಸವಕ್ಕೆ ವೈರನ್ನೇ ಜೋಡಿಸಿರಲಿಲ್ಲ.