ಬದಲಿ ಆಳು

ಕತ್ತಲಾದ ಮೇಲೆ ಯಾರೋ ಹಿತ್ತಲ ಬಾಗಿಲನ್ನು ತಟ್ಟಿದರು. ಗೌಡತಿ ತಾನೇ ಎದ್ದು ಹೋಗಿ ಅಗುಳಿ ತೆಗೆದಳು. ಹೊರಗೆ ನಿಂತಿದ್ದವಳು ಜೀತದ ಹುಡುಗಿ ಹುಲಿಗೆವ್ವ. ಅವಳ ಕೈಕಾಲುಗಳನ್ನೆಲ್ಲ ಮುಳ್ಳು ಗೀರಿತ್ತು.

“ಹಳ್ಳದ ದಾರ್ಯಾಗ ಗೌಡ್ರ ಮಂದಿ ಕಾಯಕೋತ ಕುಂತಾರ್ರಿ. ದೂರದಿಂದ ನೋಡಿ ಹೊಳ್ಳಿ ಬಂದೆ. ನಾ ಓಡಿಹೋಗೋದು ನಮ್ಮ ಗುಡಿಸಲ ಬಿಟ್ರ ನಿಮಗಷ್ಟ ಗೊತ್ತಿತ್ತು, ಅವ್ವಾರ.”

“ಹೇಳೋಳಾಗಿದ್ರ ಸಂಜೀಕ ನಿನಗ ನನ್ನ ಸೀರಿ ಯಾಕ ಉಡಸ್ತಿದ್ದೆ?”

“ಹಂಗಾರ ದೊಡ್ಡ ಬಾಗಿಲ ಕೀಲಿ ಕೊಡ್ರಿ. ಹಿತ್ತಲಿಂದ ಹಳ್ಳದ ದಾರಿ ಒಂದ ಐತಿ, ವಾಡೇದಾಗ ಹಾದು ಆ ಕಡಿಂದ ಹೋಗ್ತೀನಿ.”

ಗೌಡತಿ ಸೊಂಟದ ಗೊಂಚಲನ್ನು ಮುಟ್ಟಿ ನಕ್ಕಳು. “ಇವು ಬರೇ ಉಗ್ರಾಣದ ಕೀಲಿ. ದೊಡ್ಡ ಬಾಗಿಲದ್ದು ಅವರ ದಿಂಬಿನ ಬುಡಕ ಇರತೈತಿ. ತೌರಿಗೆ ಹೋಗಬೇಕಂದ್ರೂ ನಾ ಅವರನ್ನ ಕೇಳಬೇಕು.”

ಅವಳ ಬೆನ್ನ ಹಿಂದೆ ಕಂದೀಲಿನ ಬೆಳಕು ಬಿದ್ದಿತು. ಗೌಡರು ಸಿಟ್ಟಿಲ್ಲದೆ ಹುಲಿಗೆವ್ವನನ್ನು ನೋಡಿದರು.

“ಓಡಿಹೋಗಿದ್ರ ನನಗೇನು ನಷ್ಟ? ನಮ್ಮ ವಾಡೇದಾಗ ಜೀತ ಖಾಲಿ ಬೀಳಂಗಿಲ್ಲ. ಅಕ್ಕ ಹ್ವಾದ್ರ ಮರುದಿನ ತಂಗಿ ಬಂದು ನಿಲ್ಲಬೇಕು.”

ಹುಲಿಗೆವ್ವನ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ಗೌಡತಿ ಹುಡುಗಿಯ ಮುಂದೆ ಅಡ್ಡ ನಿಂತಳು. “ಯಾವ ಚಾಡಿಕೋರ ಬಂದು ಹೇಳಿದಾ ನಿಮಗ? ಅವನ ನಾಲಿಗಿ ಸೇದಿಹೋಗ!”

“ಬೈಬ್ಯಾಡ. ಪಡಸಾಲ್ಯಾಗ ಅಳಕೋತ ಕುಂತಾಳ ನೋಡು, ಇಕಿ ಹೆತ್ತವ್ವ ದುರುಗವ್ವ.”