ಉಜ್ಜಿನಪ್ಪನವರ ಮುಖಕ್ಕೆ ಬಳಿದದ್ದು

ತಿಪ್ಪೇಶ್ ಹಳ್ಳದ ಆಚೆಯ ಪ್ರತಿಮೆಯ ಪರದೆಯೊಳಗಿಂದ ಹೊರಬಂದಾಗ ಅವನ ಎರಡೂ ಕೈ ಮೊಣಕೈವರೆಗೆ ಕಪ್ಪಾಗಿದ್ದವು.

ಹಳ್ಳದ ಈಚೆ, ಶಾಮಿಯಾನದಲ್ಲಿ ಕುರ್ಚಿ ಹಾಕಿಸುತ್ತಿದ್ದ ಲಲಿತಾ ಅದನ್ನು ಕಂಡು ಪೊಲೀಸರನ್ನು ಕೂಗಿದಳು. ಪರದೆಯೊಳಗಿರುವುದು ಅವಳ ಅಪ್ಪ ಉಜ್ಜಿನಪ್ಪನವರ ಬಿಳಿಕಲ್ಲಿನ ಪ್ರತಿಮೆ. ಪಾಪಿನಾಯಕನಹಳ್ಳಿಯ ಈ ಗುಡ್ಡದಲ್ಲಿ ಬೇಟೆಗಾರರ ಬಂದೂಕಿಗೆ ಮೊದಲು ಅಡ್ಡ ನಿಂತವರು, ಕರಡಿಗಳಿಗೆಂದೇ ಬೋರೆ, ಕವಳೆ ಹಣ್ಣಿನ ಗಿಡ ನೆಟ್ಟವರು ಅವರು. ಅವರ ನೆನಪಿಗೆ ವಾರವಿಡೀ ಕಾರ್ಯಕ್ರಮ ನಡೆದಿತ್ತು. ಹಂಪಿ ಬಜಾರಿನಿಂದ ಸೈಕಲ್ ಜಾಥಾ ಬಂದಿತ್ತು, ಕಂಪ್ಲಿಯ ಮಕ್ಕಳು ಕರಡಿಯ ಚಿತ್ರ ಬರೆದು ಕಳಿಸಿದ್ದರು. ಈ ಸಂಜೆ ಅನಾವರಣ.

ಅನಾವರಣ ನೆಪ ಅಷ್ಟೇ. ಗುಡ್ಡಕ್ಕೆ ಕಲ್ಲು ಕ್ವಾರಿ ಬರಲಿತ್ತು. ಹಿಂದೊಮ್ಮೆ ನಡುಹಗಲಲ್ಲಿ ಬಂದು ಹೋದ ಸಮೀಕ್ಷೆಯವರು, ಇಲ್ಲಿ ಕರಡಿಯೇ ಉಳಿದಿಲ್ಲ ಎಂದುಬಿಟ್ಟಿದ್ದರು. ಅನುಮತಿ ಕೊಡಬೇಕಾದ ಅಧಿಕಾರಿ ಶ್ರೀಪತಿಯೇ ಇಂದಿನ ಅತಿಥಿ. ಅಪ್ಪನಿಗೆ ಜನ ಕೊಡುವ ಗೌರವ ನೋಡಿಯಾದರೂ ಅವರ ಮನಸ್ಸು ಕರಗೀತು ಎಂಬ ಒಂದೇ ಆಸೆ ಲಲಿತಾಳದು. ಅಪ್ಪನ ಮುಖಕ್ಕೆ ಮಸಿ ಮೆತ್ತಿದ್ದನ್ನು ಅವರು ಕಂಡರೆ ಗುಡ್ಡದ ಕಥೆ ಮುಗಿದಂತೆಯೇ.

ತಿಪ್ಪೇಶನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದು. ಅವನ ಬಲಗಣ್ಣನ್ನು ಇದೇ ಗುಡ್ಡದ ಕರಡಿ ಕಿತ್ತಿತ್ತು. ಅದನ್ನು ಕೊಲ್ಲಲು ಹೊರಟವರನ್ನು ಉಜ್ಜಿನಪ್ಪನವರು ತಡೆದಿದ್ದರು. ಅವರು ತೀರಿಕೊಂಡಂದಿನಿಂದ ತಿಪ್ಪೇಶ್ ಸಂಜೆಯಾದರೆ ಡಬ್ಬಿ ಹಿಡಿದು ಗುಡ್ಡ ಹತ್ತುತ್ತಿದ್ದ. ಆ ಕರಡಿಯನ್ನೇ ಹುಡುಕುತ್ತಾನೆ, ಡಬ್ಬಿಯಲ್ಲಿ ವಿಷವಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅನಾವರಣ ಇಳಿಹೊತ್ತಿಗೇ ಇರಲಿ, ಮೈಕು ಬೇಡ ಎಂದು ಹಟ ಹಿಡಿದವನೂ ಅವನೇ. ಒಪ್ಪಿದ ತನ್ನ ಬುದ್ಧಿಯನ್ನು ಲಲಿತಾ ಈಗ ಶಪಿಸಿಕೊಂಡಳು.

ಪೊಲೀಸಿನವನೊಬ್ಬ ಅವನ ಮಣಿಕಟ್ಟು ಹಿಡಿದು ಈಚೆಗೆ ತಂದು ಕೂರಿಸಿದ. ಅಂಟಿಕೊಂಡ ತನ್ನ ಕೈ ಬಿಡಿಸಿಕೊಳ್ಳುತ್ತ ಗೊಣಗಿದ. ತಿಪ್ಪೇಶನ ಕಾಲ ಬಳಿ ಇರುವೆ ಸಾಲುಗಟ್ಟಿದ್ದನ್ನು ನೋಡುವ ಪುರಸೊತ್ತು ಯಾರಿಗಿತ್ತು?

“ನಮ್ಮಪ್ಪ ನಿನಗೇನ್ ಮಾಡಿದ್ದ, ತಿಪ್ಪೇಶ?” ಲಲಿತಾ ಅವನೆದುರು ಬಂದು ನಿಂತು ಕೇಳಿದಳು.

“ಅವರಿಗೆ ಸಲ್ಲಬೇಕಾದ್ದು ಸಲ್ಲಿಸೀನ್ರಿ,” ಎಂದ ಅವನು ತಣ್ಣಗೆ. “ಸಾಹೇಬ್ರನ್ನ ಹಳ್ಳ ದಾಟಿಸಬ್ಯಾಡ್ರಿ. ಸ್ವಲ್ಪ ಹೊತ್ತು ಇಲ್ಲೇ ಕುಂದ್ರಿಸ್ರಿ.”

ಅದು ಬೆದರಿಕೆಯೆಂದೇ ಅವಳಿಗೆ ಅನ್ನಿಸಿತು. ಬಕೆಟ್ಟು ನೀರು ಹಿಡಿದು ಹಳ್ಳದತ್ತ ಹೊರಟವಳ ಎದುರಿಗೇ ಶ್ರೀಪತಿಯ ಕಾರು ಬಂದು ನಿಂತಿತು. ಹೋಗುವ ಮರ್ಯಾದೆ ತುಸು ತಡವಾಗಿಯಾದರೂ ಹೋಗಲಿ ಎಂದು ಅವಳು ಪ್ರಾರ್ಥನೆ ಹಾಡಿಸಿದಳು, ಸ್ವಾಗತ ಹೇಳಿಸಿದಳು, ಅತಿಥಿಗೆ ಹಾರ ಹಾಕಿದವರಿಂದಲೇ ಮತ್ತೊಮ್ಮೆ ಹಾಕಿಸಿದಳು. ಇಳಿಬಿಸಿಲು ಗುಡ್ಡದ ನೆತ್ತಿಯಲ್ಲಷ್ಟೇ ಉಳಿಯಿತು.

ಶ್ರೀಪತಿ ಎದ್ದು ನಿಂತು ಉಜ್ಜಿನಪ್ಪನವರನ್ನು ಹೊಗಳಿದರು. ಆದರೆ ಕಾಲ ಬದಲಾಗಿದೆ ಎಂದರು.

“ನೀವೇ ಹೇಳಿಯಮ್ಮ, ಕರಡಿಯೇ ಇಲ್ಲದ ಗುಡ್ಡವನ್ನು ಯಾರಿಗಾಗಿ ಕಾಯುವುದು?”

ಉತ್ತರಕ್ಕೆ ಕಾಯದೆ ಅವರು ಅನಾವರಣಕ್ಕೆಂದು ಹಳ್ಳದತ್ತ ನಡೆದರು. ಲಲಿತಾ ಕಣ್ಣು ಮುಚ್ಚಿಕೊಂಡಳು. ಕಣ್ಣು ತೆರೆದಾಗ ಶ್ರೀಪತಿ ಹಳ್ಳದ ಈಚೆಯೇ ನಿಂತುಬಿಟ್ಟಿದ್ದರು.

ಆಚೆ ಪರದೆ ಆಗಲೇ ಬಿದ್ದಿತ್ತು. ಅದನ್ನು ಎಳೆದು ಕೆಡವಿದ ತಾಯಿ ಕರಡಿ, ಬೆನ್ನ ಮೇಲೆ ಎರಡು ಮರಿಗಳನ್ನು ಹೊತ್ತು, ಉಜ್ಜಿನಪ್ಪನವರ ಕೆನ್ನೆಯಿಂದ ಇಳಿಯುತ್ತಿದ್ದ ಬೆಲ್ಲದ ಪಾಕ ನೆಕ್ಕುತ್ತಿತ್ತು.